ಕೇರಿಯ ರಾಡಿ

ಒಣಗಿದ ರಾಡಿಗೆ ಜಾತಿಯಿಲ್ಲ. ಗೌಡರ ಬಾವಿಯ ತಳದ್ದೂ ಅದೇ ಬೂದುಬಣ್ಣ, ಕೇರಿಯ ಬಾವಿಯ ತಳದ್ದೂ ಅದೇ ಬೂದುಬಣ್ಣ. ದುರ್ಗಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಶಿರಸಿಯ ಮಣ್ಣು-ನೀರು ಪರೀಕ್ಷಾ ಕೇಂದ್ರದ ಹಿಂದಿನ ಕೋಣೆಯಲ್ಲಿ ಕೂತು ಊರೂರಿನ ರಾಡಿ ಕುಟ್ಟುವುದೇ ಅವಳ ಕೆಲಸ.

ಎಂಥ ಕೆಲಸ ಎಂದು ಕೇಳಿದವರಿಗೆ ಅವಳು ಕೈ ತೋರಿಸುತ್ತಾಳೆ. ಬೆರಳ ಸಂದು ಬಿರಿದಿವೆ. ಉಗುರಿನ ಬುಡ ಬೆಳ್ಳಗಾಗಿದೆ. ಸಾರು ಕಲಸಿಕೊಂಡರೆ ಉರಿಯುತ್ತದೆ.

ರಾಡಿ ಬಾಟಲಿಯಲ್ಲಿ ಬರುತ್ತದೆ. ತಟ್ಟೆಗೆ ಸುರಿದು ನೆರಳಲ್ಲಿ ಆರಿಸಬೇಕು. ಬಿಸಿಲಿಗಿಟ್ಟರೆ ಒಳಗಿನ ವಿಷ ಹಾರಿಹೋಗುತ್ತದೆ. ಬೇರು, ಕಲ್ಲು, ಸತ್ತ ಹುಳ ಆರಿಸಿ ತೆಗೆಯಬೇಕು. ಖಲಬತ್ತಿನಲ್ಲಿ ಕುಟ್ಟಬೇಕು, ಜರಡಿ ಹಿಡಿಯಬೇಕು, ಜರಡಿಯ ಮೇಲೆ ನಿಂತದ್ದನ್ನು ಮತ್ತೆ ಕುಟ್ಟಬೇಕು. ಆ ಪುಡಿಯನ್ನು ಗಾಜಿನ ಶೀಶೆಗೆ ಹಾಕಿ, ಪಸೆ ಹೀರುವ ಬಿಳಿ ಉಪ್ಪು ಬೆರೆಸಿ, ಸಾಲ್ವೆಂಟ್ ಸುರಿದು ಅಲುಗಾಡಿಸಬೇಕು. ರಾಡಿ ಹಿಡಿದಿಟ್ಟುಕೊಂಡ ವಿಷವನ್ನು ಸಾಲ್ವೆಂಟ್ ಬಿಡಿಸಿಕೊಳ್ಳುವವರೆಗೆ ಅಲುಗಾಡಿಸುತ್ತಲೇ ಇರಬೇಕು. ಅದಕ್ಕೊಂದು ಯಂತ್ರವಿತ್ತು. ಕೆಟ್ಟು ಮೂಲೆ ಸೇರಿದೆ. ರಿಪೇರಿಯವನು ಹುಬ್ಬಳ್ಳಿಯಿಂದ ಬರಬೇಕು. ದುರ್ಗಿಯ ತೋಳು ಕೆಟ್ಟರೆ ಹುಬ್ಬಳ್ಳಿಯಿಂದ ಯಾರೂ ಬರಬೇಕಾಗಿಲ್ಲ. ಅವಳು ಮನೆಗೆ ಹೋದರೆ ಆಯಿತು, ಮತ್ತೊಬ್ಬಳು ಬರುತ್ತಾಳೆ.

ಆಮೇಲೆ ಸೋಸಬೇಕು. ಬಿಳಿ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ಇಳಿಸಿ ಬಣ್ಣ, ಜಿಡ್ಡು ತೆಗೆಯಬೇಕು. ಉಳಿದದ್ದರ ಮೇಲೆ ಮೆಲ್ಲಗೆ ಗಾಳಿ ಬಿಟ್ಟು ಬತ್ತಿಸಬೇಕು. ಕೊನೆಗೆ ಹೆಬ್ಬೆರಳಷ್ಟು ಶೀಶೆಯ ತಳದಲ್ಲಿ ನಾಲ್ಕು ಹನಿ ಉಳಿಯುತ್ತವೆ. ಇಡೀ ಬಾವಿಯ ಪಾಪವೆಲ್ಲ ಆ ಹನಿಯೊಳಗೆ. ಅದನ್ನು ಎಸಿ ಹಾಕಿದ ಮುಂದಿನ ಕೋಣೆಗೆ ಒಯ್ದು ಮೇಜಿನ ಮೇಲಿಟ್ಟು ಬರಬೇಕು. ಅಲ್ಲಿ ಜ್ಯೋತಿ ಎಂಬ ಹುಡುಗಿ ಅದನ್ನು ಯಂತ್ರಕ್ಕೆ ಕೊಡುತ್ತಾಳೆ. ಬತ್ತಿದ್ದು ಎಲ್ಲಿ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಹೊಗೆ ಎಳೆಯುವ ಫ್ಯಾನೂ ಕೆಟ್ಟಿದೆ. ಬತ್ತಿದ್ದೆಲ್ಲ ದುರ್ಗಿಯ ಮೂಗಿನೊಳಕ್ಕೆ ಹೋಗುತ್ತದೆ. ಸಂಜೆ ಬನವಾಸಿ ಬಸ್ಸಿನಲ್ಲಿ ತಲೆ ಸಿಡಿಯುತ್ತದೆ, ಕಿಟಕಿಗೆ ಹಣೆಯಿಟ್ಟು ಕೂರುತ್ತಾಳೆ.

ಆ ಕೇಂದ್ರದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಕಂಟಾಮಿನೇಶನ್. ದುರ್ಗಿ ಹಿಂದಿನ ಬಾಗಿಲಿನಿಂದಲೇ ಬರಬೇಕು, ಕಂಟಾಮಿನೇಶನ್. ಅವಳ ಚಹಾದ ಲೋಟ ಹೊರಗೆ ಕಿಟಕಿಯ ಮೇಲಿರಬೇಕು, ಕಂಟಾಮಿನೇಶನ್. ಅವಳ ಕೈಯಿಂದ ಕೈಗೆ ಯಾರೂ ಏನೂ ತೆಗೆದುಕೊಳ್ಳುವುದಿಲ್ಲ. ಅವಳು ಮೇಜಿನ ಮೇಲಿಟ್ಟು ಹಿಂದೆ ಸರಿಯಬೇಕು, ಆಮೇಲೆ ಅವರು ಎತ್ತಿಕೊಳ್ಳುತ್ತಾರೆ. ಊರಲ್ಲಿ ಇದಕ್ಕೆ ಮೈಲಿಗೆ ಅನ್ನುತ್ತಿದ್ದರು. ಇಲ್ಲಿ ಅದೇ ಮೈಲಿಗೆ ಬಿಳಿ ಕೋಟು ಹಾಕಿಕೊಂಡು ಓಡಾಡುತ್ತದೆ.

ಪ್ರತಿ ಸಲವೂ ರಾಡಿಯಿಲ್ಲದ ಶೀಶೆಯೊಂದನ್ನು ಜೊತೆಗೆ ನಡೆಸುತ್ತಾರೆ. ಅದರಲ್ಲಿ ಬರೀ ಸಾಲ್ವೆಂಟು. ಉಳಿದವಕ್ಕೆ ಮಾಡಿದ್ದನ್ನೆಲ್ಲ ಅದಕ್ಕೂ ಮಾಡುತ್ತಾರೆ. ಕೊನೆಗೆ ಅದರಲ್ಲೂ ಏನಾದರೂ ಕಂಡರೆ, ಅದು ಬಾವಿಯಿಂದ ಬಂದದ್ದಲ್ಲ, ಕೋಣೆಯಿಂದ ಬಂದದ್ದು ಎಂದು ಅರ್ಥ. ಕೋಣೆ ಅಂದರೆ ದುರ್ಗಿ.

ಹೋದ ಚಳಿಗಾಲ ಹಾಗೆ ಕಂಡಿತ್ತು. ಕೇಂದ್ರದ ಯಜಮಾನ ರವೀಂದ್ರ ಅವಳನ್ನು ಮುಂದಿನ ಕೋಣೆಗೆ ಕರೆಸಿ ಎಲ್ಲರೆದುರು ನಿಲ್ಲಿಸಿದ. ಕೈ ಚಾಚಿಸಿದ. ತುರುಬು ಬಿಚ್ಚಿಸಿದ.

"ತಲೀಗೆ ಏನ್ ಹಚ್ಕೊಂಡ್ ಬಂದಿ? ಜ್ಯೋತಿ, ಮೂಸಿ ನೋಡು."

ಜ್ಯೋತಿ ನೆಲ ನೋಡುತ್ತ ಬಂದು ಬಗ್ಗಿ ಮೂಸಿದಳು. ಮಗಳ ವಯಸ್ಸಿನ ಹುಡುಗಿ. ಅವಳ ಉಸಿರು ಕತ್ತಿಗೆ ತಾಗಿದ್ದು ದುರ್ಗಿಗೆ ಇನ್ನೂ ನೆನಪಿದೆ. ಅಂದಿನಿಂದ ಎಣ್ಣೆ ಬಂದ್, ಸಾಬೂನು ಬಂದ್, ಪೌಡರ್ ಬಂದ್. ಸಾಲ್ವೆಂಟಿನ ಕ್ಯಾನೇ ಕೆಟ್ಟದ್ದು ಬಂದಿತ್ತು ಎಂದು ವಾರ ಕಳೆದ ಮೇಲೆ ಗೊತ್ತಾಗಿ, ಕ್ಯಾನು ವಾಪಸು ಹೋಯಿತು. ಎಣ್ಣೆ ಮಾತ್ರ ವಾಪಸು ಬರಲಿಲ್ಲ. ತಪ್ಪಾಯಿತು ಎಂದು ಯಾರೂ ಅನ್ನಲಿಲ್ಲ. ಕ್ಯಾನಿಗಾದರೂ ಅಂದರೋ ಏನೋ.

ಇಷ್ಟೆಲ್ಲ ನುಂಗಿಕೊಂಡು ಅವಳು ಇದ್ದಳು. ರವೀಂದ್ರ ಅವಳ ಊರಿನವನೇ. ಬೆಣಚಿಕೊಪ್ಪದ ಶಿವಪುತ್ರಪ್ಪ ಗೌಡರ ತಮ್ಮನ ಮಗ. 'ನಮ್ಮೂರಾಕಿ ಅಂತ ಕೆಲಸ ಕೊಟ್ಟೇನಿ' ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಗಂಡ ಸತ್ತವಳಿಗೆ ಆ ಕೆಲಸವೇ ಒಲೆ, ಅದೇ ಅಕ್ಕಿ.

ಬೇಸಿಗೆಯ ಒಂದು ದಿನ ತಟ್ಟೆಯಲ್ಲಿ ಆರಿದ್ದು ಬೆಣಚಿಕೊಪ್ಪದ ರಾಡಿ. ಊರಿನ ನಾಲ್ಕು ಬಾವಿಗಳದ್ದು. ಮೇಲಿನ ಓಣಿಯದು, ಗುಡಿಯದು, ಶಾಲೆಯದು, ಕೇರಿಯದು.

ಅದು ಬಂದದ್ದಕ್ಕೆ ಕಾರಣವಿತ್ತು. ಕೇರಿಯ ತಲೆಯ ಮೇಲೆಯೇ ಗೌಡರ ಹೊಲ. ಗೌಡರು ಅದನ್ನು ಶುಂಠಿ ಬೆಳೆಯುವವರಿಗೆ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟಿದ್ದಾರೆ. ಶುಂಠಿಗೆ ಹುಳ ಕೊಲ್ಲುವ ಗುಳಿಗೆ ಔಷಧ ಸುರಿಯುತ್ತಾರೆ, ಸಿಂಪಡಿಸುವ ಡ್ರಮ್ಮುಗಳನ್ನು ಅಲ್ಲೇ ತೊಳೆಯುತ್ತಾರೆ. ಮಳೆ ಬಂದರೆ ಎಲ್ಲವೂ ಕೇರಿಯ ಬಾವಿಗೆ. ಮೊದಲು ಕರುಗಳು ಬಾಯಲ್ಲಿ ನೊರೆ ಬಂದು ಸತ್ತವು. ಆಮೇಲೆ ದುರ್ಗಿಯ ಮಗಳು ಪ್ರತಿಭಾಳ ಗರ್ಭ ಇಳಿದುಹೋಯಿತು. ಅವಳೊಬ್ಬಳದೇ ಅಲ್ಲ, ಪಕ್ಕದ ಮನೆಯವಳದೂ ಹೋಯಿತು. ಆಶಾ ಕಾರ್ಯಕರ್ತೆ ಸೀತಾ ತಾಲ್ಲೂಕಿಗೆ ಹೋಗಿ ಕೂಗಾಡಿದ ಮೇಲೆ ಯಾರೋ ಬಂದು ಬಾವಿಗಳ ತಳ ಕೆದಕಿ ಬಾಟಲಿ ತುಂಬಿಕೊಂಡು ಹೋದರು. ಕೇರಿಯ ಬಾವಿ ಕೆಟ್ಟಿದೆ ಎಂದು ಸಾಬೀತಾದರೆ ಮೇಲಿನ ಓಣಿಯ ನೀರಿನ ಟಾಕಿಯಿಂದ ಕೇರಿಗೆ ಪೈಪು ಎಳೆಯುತ್ತೇವೆ ಎಂದು ಪಂಚಾಯ್ತಿಯವರು ಸಭೆಯಲ್ಲಿ ಒಪ್ಪಿದ್ದರು. ಪ್ರತಿಭಾ ಈಗ ಮತ್ತೆ ಬಸುರಿ. ಕುಡಿಯುವುದು ಅದೇ ನೀರು. ಬೇರೆ ನೀರಿಲ್ಲ.

ಕೇರಿಯ ರಾಡಿ ಆರಿಸುವಾಗ ದುರ್ಗಿಯ ಬೆರಳಿಗೆ ಹಸಿರು ಬಳೆಯ ಚೂರು ಹತ್ತಿತ್ತು. ನೀರು ಸೇದುವಾಗ ಒಡೆದದ್ದು, ಯಾರದೋ. ಅದನ್ನು ಬೇರು ಕಲ್ಲುಗಳ ಜೊತೆ ಬದಿಗಿಟ್ಟಳು. ಎಷ್ಟೋ ಊರಿನ ರಾಡಿ ಕುಟ್ಟಿದ್ದಾಳೆ. ಆ ದಿನ ಮಾತ್ರ ಕುಟ್ಟಿದ ಒಂದೊಂದು ಏಟಿಗೂ ಆ ಹಸಿರು ಚೂರಿನ ಕಡೆ ನೋಡಿದಳು.

ಮಧ್ಯಾಹ್ನ ರವೀಂದ್ರ ಮೂಗಿಗೆ ಕರವಸ್ತ್ರ ಹಿಡಿದು ಹಿಂದಿನ ಕೋಣೆಗೆ ಬಂದ. ಮುಂದಿನ ಕೋಣೆಯಿಂದ ಗಂಟಲು ಸರಿಮಾಡಿಕೊಳ್ಳುವ ಸದ್ದು ಬಂತು. ಆ ಸದ್ದು ದುರ್ಗಿಗೆ ಹುಟ್ಟಿದಾಗಿನಿಂದ ಗೊತ್ತು. ಶಿವಪುತ್ರಪ್ಪ ಗೌಡರು ಬಂದಿದ್ದಾರೆ.

"ನಮ್ಮೂರಿಂದು ಎಲ್ಲೀತನಕ ಬಂತು?"

"ಜರಡಿ ಹಿಡದೇನ್ರಿ ಸಾಹೇಬ್ರ. ಸಾಲ್ವೆಂಟ್ ಹಾಕೂದೈತಿ."

"ಬ್ಯಾರೆ ಬ್ಯಾರೆ ಹಾಕಬ್ಯಾಡ. ನಾಕೂ ಬಾವೀದು ಸಮಾ ಸಮಾ ತಗೊಂಡು ಒಂದ ಖಲಬತ್ತಿನ್ಯಾಗ ಹಾಕಿ ಕೂಡಸು. ಒಂದೂರು, ಒಂದ ಸ್ಯಾಂಪಲ್."

ಬಾಗಿಲಲ್ಲಿ ನಿಂತಿದ್ದ ಜ್ಯೋತಿ ಮೆಲ್ಲಗೆ ಅಂದಳು, "ಸರ್, ಕಳಿಸಿದವ್ರು ಬ್ಯಾರೆ ಬ್ಯಾರೆ ಕೇಳ್ಯಾರ್ರಿ."

"ನೀ ಹೋಗಿ ಮಷೀನ್ ನೋಡು."

ಜ್ಯೋತಿ ಬಾಗಿಲ ಚೌಕಟ್ಟು ಹಿಡಿದಳು. ಹೋಗಲಿಲ್ಲ, ನಿಂತಳು.

"ಕೂಡಿಸಿ ಮಾಡೂದೇನ್ ಹೊಸಾದಲ್ಲ," ರವೀಂದ್ರ ಅಂದ. "ಗದ್ದಿ ಮಣ್ಣು ಹಂಗ ಮಾಡ್ತೇವಿಲ್ಲೋ? ನೀನ ಕೂಡಿಸಿದಿ ಎಷ್ಟ ಸಲ."

ಸುಳ್ಳಲ್ಲ. ಗದ್ದೆಯ ಮೂಲೆಮೂಲೆಯ ಮಣ್ಣನ್ನು ಒಟ್ಟಿಗೆ ಕುಟ್ಟುವುದು ಅಲ್ಲಿನ ಪದ್ಧತಿ. ಆದರೆ ಗದ್ದೆ ಒಂದು, ಗದ್ದೆಯವನು ಒಬ್ಬ. ಸಾರಿಗೆ ಉಪ್ಪು ಹೆಚ್ಚಾದರೆ ಇನ್ನಷ್ಟು ನೀರು ಹೊಯ್ಯುವುದು ಯಾವ ಹೆಂಗಸಿಗೆ ಗೊತ್ತಿಲ್ಲ? ಮೂರು ಒಳ್ಳೆಯ ಬಾವಿಗಳ ರಾಡಿಯಲ್ಲಿ ಕೇರಿಯ ರಾಡಿ ಕಲೆಸಿದರೆ ವಿಷ ತೆಳ್ಳಗಾಗುತ್ತದೆ, ಅಪಾಯದ ಗೆರೆಯ ಕೆಳಗೆ ಇಳಿಯುತ್ತದೆ. ಊರಿನ ನೀರೆಲ್ಲ ಚೆನ್ನಾಗಿದೆ ಎಂದು ಬರೆದುಬಿಟ್ಟರೆ ಪೈಪು ಬರುವುದಿಲ್ಲ. ಶುಂಠಿ ಬೆಳೆಯುತ್ತಲೇ ಇರುತ್ತದೆ. ಪ್ರತಿಭಾ ಕುಡಿಯುತ್ತಲೇ ಇರುತ್ತಾಳೆ.

ಕೂಡಿಸು. ಆ ಮಾತು ದುರ್ಗಿಯ ತಲೆಯೊಳಗೆ ಸುತ್ತಿತು.

ಅವಳು ಲಂಗದ ಹುಡುಗಿಯಾಗಿದ್ದಾಗ ಒಂದು ಬೇಸಿಗೆಗೆ ಕೇರಿಯ ಬಾವಿ ಬತ್ತಿತ್ತು. ಮೇಲಿನ ಓಣಿಯ ಬಾವಿಯಿಂದ ದೂರದಲ್ಲಿ ಕೊಡ ಇಟ್ಟುಕೊಂಡು, ಯಾರಾದರೂ ಸೇದಿ ಮೇಲಿನಿಂದ ಸುರಿಯಲಿ ಎಂದು ಕೇರಿಯ ಹೆಂಗಸರು ಕಾಯುತ್ತಿದ್ದರು. ಬಿಸಿಲು ಏರಿತು. ಯಾರೂ ಬರಲಿಲ್ಲ. ದುರ್ಗಿಗೆ ಬಾಯಾರಿತ್ತು. ಓಡಿಹೋಗಿ ಕಟ್ಟೆ ಹತ್ತಿ ಹಗ್ಗಕ್ಕೆ ತನ್ನ ತಂಬಿಗೆ ಕಟ್ಟಿ ಬಿಟ್ಟಳು. ಒಂದೇ ತಂಬಿಗೆ. ಅದನ್ನು ಕುಡಿದು ಮುಗಿಸುವ ಮೊದಲೇ ಬೆನ್ನಿಗೆ ಏಟು ಬಿತ್ತು. ಹೊಡೆದವರು ಆಗಿನ್ನೂ ಹರೆಯದ ಶಿವಪುತ್ರಪ್ಪ.

ಅವಳ ಅಪ್ಪನನ್ನು ಗುಡಿಯ ಮುಂದೆ ಬಿಸಿಲಿಗೆ ಬಗ್ಗಿಸಿ ನಿಲ್ಲಿಸಿ ಬಾಯಿಗೆ ಹೊಡೆದರು. ಆ ಬಾವಿಯ ನೀರನ್ನೆಲ್ಲ ಎಳೆದು ಚೆಲ್ಲಿದರು. ಊರಿನ ಗಂಡಸರು ಪಾಳಿ ಹಚ್ಚಿ, ಬಾವಿಯ ತಳ ಕಾಣುವವರೆಗೆ ಎಳೆದರು. ಚೆಲ್ಲಿದ ನೀರು ಇಳಿಜಾರು ಹಿಡಿದು ಕೇರಿಗೆ ಹರಿಯಿತು. ಕೇರಿಯ ಹೆಂಗಸರು ತಡೆ ಕಟ್ಟಿ, ಸೋಸಿ, ಹಂಡೆಗಟ್ಟಲೆ ತುಂಬಿಕೊಂಡರು. ಆ ಬೇಸಿಗೆಯಲ್ಲಿ ಕೇರಿಗೆ ಹೊಟ್ಟೆ ತುಂಬ ನೀರು ಸಿಕ್ಕಿದ್ದು ಆ ಒಂದು ದಿನ. ಅಪ್ಪ ಮಾತ್ರ ಮನೆಗೆ ಬಂದು ಆ ನೀರು ಮುಟ್ಟಲಿಲ್ಲ. ಅವನ ತುಟಿ ಒಡೆದಿತ್ತು.

"ಏನ್ ಯೋಚನಿ ಮಾಡಾಕತ್ತಿ? ಕೂಡಸು," ರವೀಂದ್ರ ಅಂದ.

"ಕೂಡಿಸೂದಿಲ್ರಿ."

"ಏನಂದಿ?"

"ಕೂಡಿಸೂದಿಲ್ಲ ಅಂದ್ನಿ."

ಕೈಯಲ್ಲಿದ್ದ ಜರಡಿಯನ್ನು ಮೇಜಿನ ಮೇಲಿಟ್ಟಳು. ದುರ್ಗಿಗೆ ತನ್ನ ದನಿಯೇ ಬೇರೆ ಯಾರದೋ ಅನ್ನಿಸಿತು.

"ನಾ ಒಂದ್ ತಂಬಿಗಿ ನೀರು ಸೇದಿದ್ದಕ್ಕ ಬಾವಿನ ಬರಿದು ಮಾಡಿದ್ರಲ್ರಿ ನಿಮ್ಮ ಮಂದಿ. ನಮ್ಮಪ್ಪನ ಬಾಯಿ ಒಡದ್ರಿ. ಅವತ್ತ ನಮ್ಮ ನೀರು ನಿಮ್ಮ ನೀರು ಬ್ಯಾರೆ ಇತ್ತು. ನಮ್ಮ ಲೋಟ ಬ್ಯಾರೆ, ನಮ್ಮ ಬಾಗಿಲಾ ಬ್ಯಾರೆ, ನಮ್ಮ ಸುಡಗಾಡ ಬ್ಯಾರೆ. ಈಗ ವಿಷ ಬಂದ ಮ್ಯಾಲೆ ಒಂದೂರು ಆದ್ವೇನ್ರಿ?"

"ಬಾಯಿ ಭಾಳ ಆತು ನಿಂದು. ಕೊಡಿಲ್ಲಿ, ನಾನ ಕೂಡಿಸ್ತೇನಿ."

ದುರ್ಗಿ ಕೇರಿಯ ಪುಡಿಯನ್ನು ತಟ್ಟೆಯಿಂದ ಬಾಟಲಿಗೆ ಬಗ್ಗಿಸಿ ಮುಚ್ಚಳ ತಿರುವಿದಳು. ಎರಡೂ ಕೈಯಲ್ಲಿ ಎದೆಗೆ ಹಿಡಿದಳು. ಮೇಜಿನ ಮೇಲೆ ಇಡಲಿಲ್ಲ.

ರವೀಂದ್ರ ಕೈ ಚಾಚಿದ. ಬಾಟಲಿ ಕಸಿಯಬೇಕೆಂದರೆ ಅವಳ ಕೈ ಮುಟ್ಟಬೇಕು. ಅವನ ಕೈ ಗೇಣು ದೂರದಲ್ಲಿ ನಿಂತಿತು. ಅವಳು ಅದನ್ನು ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ.

"ಮುಟ್ರಿ," ಅಂದಳು. "ಮುಟ್ಟಿ ಕಸಕೊಳ್ರಿ."

ಅವನು ಮುಟ್ಟಲಿಲ್ಲ. ಊರಿನ ನಾಲ್ಕು ಬಾವಿ ಕೂಡಿಸಲು ಬಂದವನಿಗೆ ಒಬ್ಬ ಹೆಂಗಸಿನ ಬೆರಳಿಗೆ ಬೆರಳು ಕೂಡಿಸಲಾಗಲಿಲ್ಲ.

"ಕಳವು ಮಾಡ್ಯಾಳಂತ ಪೊಲೀಸರಿಗೆ ಕಂಪ್ಲೇಂಟ್ ಕೊಡ್ತೇನಿ ನೋಡು."

"ಕೊಡ್ರಿ. ಏನ್ ಕಳವಾಗೈತಿ ಅಂತೀರಿ? ಕೇರಿ ರಾಡಿ ಕಳವಾಗೈತಿ ಅಂತ ಹೇಳ್ರಿ."

ಅವಳು ಮುಂದಿನ ಬಾಗಿಲಿನಿಂದಲೇ ಹೊರಟಳು. ಎಸಿಯ ಕೋಣೆ ದಾಟಿದಳು. ಸೋಫಾದಲ್ಲಿ ಚಹಾ ಕುಡಿಯುತ್ತಿದ್ದ ಶಿವಪುತ್ರಪ್ಪ ಗೌಡರು ತಲೆಯೆತ್ತಿದರು.

"ಏನ ದುರ್ಗಿ, ಈ ಕಡಿಂದ ಹೊಂಟಿ?"

"ಇನ್ನ ಈ ಕಡಿಂದನ ಗೌಡ್ರ."

ರಸ್ತೆಗೆ ಬಂದಾಗ ಕಾಲು ಸುಟ್ಟಿತು. ಚಪ್ಪಲಿ ಹಿಂದಿನ ಬಾಗಿಲಲ್ಲೇ ಉಳಿದಿದ್ದವು. ಸುಟ್ಟರೆ ಸುಡಲಿ ಎಂದು ನಡೆಯುವಷ್ಟರಲ್ಲಿ ಜ್ಯೋತಿ ಓಡಿ ಬಂದಳು. ಒಂದು ಕೈಯಲ್ಲಿ ದುರ್ಗಿಯ ಚೀಲ, ಇನ್ನೊಂದರಲ್ಲಿ ಚಪ್ಪಲಿ. ಬಗ್ಗಿ ಚಪ್ಪಲಿಯನ್ನು ಅವಳ ಕಾಲ ಬಳಿ ಇಟ್ಟಳು. ಚೀಲವನ್ನು ಕೈಗೇ ಕೊಟ್ಟಳು.

"ಆ ಬಾಟ್ಲಿ ಇಲ್ದ ರಿಪೋರ್ಟ್ ಆಗಂಗಿಲ್ಲ ದುರ್ಗಕ್ಕ. ಯಾಕಂತ ಕಳಿಸಿದವ್ರು ಕೇಳ್ತಾರ."

"ಕೇಳಿದ್ರ ಏನ್ ಹೇಳ್ತಿ?"

ಜ್ಯೋತಿ ಒಮ್ಮೆ ಕೇಂದ್ರದ ಬಾಗಿಲ ಕಡೆ ತಿರುಗಿ ನೋಡಿದಳು. "ಆದದ್ದ ಹೇಳ್ತೇನಿ."

"ಅವತ್ತ ಮೂಸಂದ್ರ ಮೂಸಿದಿ."

ಹುಡುಗಿಯ ಕಣ್ಣು ತುಂಬಿದವು. ದುರ್ಗಿಗೆ ಕನಿಕರ ಬಂತು. ಬಂದರೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬಸ್ಸು ಹತ್ತಿ, ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

ಕೇರಿಯಲ್ಲಿ ಅವಳು ಹೆಚ್ಚು ಮಾತಾಡಲಿಲ್ಲ. ಆದದ್ದನ್ನು ಹೇಳಿದಳು ಅಷ್ಟೇ. ಪ್ರತಿಭಾ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇದನ್ನ ಕುಡೀತೇವೇನವ್ವ ನಾವು?" ಅಂದಳು. ದುರ್ಗಿ ಅವಳ ಕೈಯಿಂದ ಬಾಟಲಿ ಇಸಕೊಂಡು ಮುಚ್ಚಳ ಬಿಗಿ ಮಾಡಿದಳು.

ಮರುದಿನ ಬೆಳಗ್ಗೆ ಕೇರಿಯ ಹೆಂಗಸರು ಕೊಡ ಎತ್ತಿಕೊಂಡು ಮೇಲಿನ ಓಣಿಗೆ ಹತ್ತಿದರು. ಸೀತಾ ಜೊತೆಗಿದ್ದಳು. ಪ್ರತಿಭಾ ಬೇಡವೆಂದರೂ ಬಂದಳು.

ಮೇಲಿನ ಬಾವಿಗೆ ಈಗ ಪಂಪು ಕೂತಿದೆ, ಮನೆಮನೆಗೆ ನಳ ಹೋಗಿದೆ. ಆದರೂ ದೇವರ ಪೂಜೆಗೆ ಹಗ್ಗದಲ್ಲಿ ಸೇದಿದ ನೀರೇ ಬೇಕು. ಗೌಡರ ಹೆಂಡತಿ ಸಾವಿತ್ರವ್ವ ತಾಮ್ರದ ಬಿಂದಿಗೆ ತುಂಬಿ ಇಳಿಸುತ್ತಿದ್ದರು. ಇವರನ್ನು ಕಂಡು ಹಗ್ಗ ಬಿಟ್ಟು ಹಿಂದೆ ಸರಿದರು. ಗದ್ದಲ ಕೇಳಿ ಗೌಡರು ಬಂದರು. ಬಾಟಲಿ ಹುಡುಕಿಕೊಂಡು ಬೆಳಕು ಹರಿಯುವ ಮೊದಲೇ ಊರಿಗೆ ಬಂದಿದ್ದ ರವೀಂದ್ರನೂ ಬಂದ. ಓಣಿಯ ಮಂದಿ ಒಬ್ಬೊಬ್ಬರಾಗಿ ಸೇರಿದರು.

ದುರ್ಗಿ ಕಟ್ಟೆ ಹತ್ತಿದಳು. ಹುಡುಗಿಯಾಗಿದ್ದಾಗ ಹತ್ತಿದ್ದ ಅದೇ ಕಟ್ಟೆ. ಸೆರಗಿನಿಂದ ಬಾಟಲಿ ತೆಗೆದು ಮುಚ್ಚಳ ತಿರುವಿದಳು. ಬಾವಿಯ ಬಾಯಿಗೆ ನೇರ ಹಿಡಿದು ಓರೆ ಮಾಡಿದಳು. ಪುಡಿ ಜಾರಿ ಬಾಟಲಿಯ ಕಂಠಕ್ಕೆ ಬಂತು.

"ಸಾಹೇಬ್ರ, ನಿನ್ನೆ ಏನಂದ್ರಿ? ಒಂದೂರು, ಒಂದ ಸ್ಯಾಂಪಲ್. ಕೂಡಿದ್ರ ಏನೂ ಇಲ್ಲ. ಇಲ್ಲೇ ಕೂಡಿಸ್ಲಿ?"

"ಏ ಹುಚ್ಚಿ, ಬ್ಯಾಡ." ರವೀಂದ್ರನ ಮುಖ ಬಿಳಿಚಿತು. "ಕೆಳಗ ಇಳಿ. ಬ್ಯಾಡ."

"ಯಾಕ್ರಿ? ಏನೈತಿ ಇದರಾಗ?"

ಅವನು ಎರಡು ಹೆಜ್ಜೆ ಹಿಂದೆ ಸರಿದ. ಸಾವಿತ್ರವ್ವ ಗಂಡನ ಕಡೆ ತಿರುಗಿದರು. "ಏನೈತ್ರಿ ಅದರಾಗ? ಕೇರಿ ಬಾವ್ಯಾಗ ಏನೂ ಇಲ್ಲ, ಅವ್ರಿಗೆ ಪುಗಸಟ್ಟೆ ನಳಾ ಬೇಕಾಗೈತಿ ಅಂದಿದ್ರಿ ನನ್ನ ಮುಂದ." ಗೌಡರು ಗುಡಿಯ ಕಡೆ ನೋಡುತ್ತ ನಿಂತರು. ಸಾವಿತ್ರವ್ವ ಕಟ್ಟೆಯ ಹತ್ತಿರ ಬಂದು ಕೈ ಜೋಡಿಸಿದರು. "ಬ್ಯಾಡ ದುರ್ಗವ್ವ. ಹುಡುಗ್ರು ಕುಡಿಯೂ ನೀರು."

ಹುಟ್ಟಿದಾಗಿನಿಂದ ಏ ದುರ್ಗಿ ಎಂದು ಕರೆಸಿಕೊಂಡವಳು ಆ ದಿನ ದುರ್ಗವ್ವ ಆದಳು. ಕೈಯಲ್ಲಿ ವಿಷ ಇದ್ದಾಗ ಮಾತ್ರ ಹುಟ್ಟುವ ಮರ್ಯಾದೆ ಅದು. ಅವಳಿಗೆ ಅದು ಬೇಕಾಗಿರಲಿಲ್ಲ.

"ನನ್ನ ಮಗಳ ಹೊಟ್ಯಾಗಿಂದೂ ಹುಡುಗನ ಐತ್ರಿ," ಅಂದಳು. "ಒಂದು ಹೋತು. ಕೈಯಾಗ ಹಿಡದು ಮಣ್ಣು ಮಾಡೇನಿ ನಾನು."

ಬಾಟಲಿ ಓರೆಯಾಗಿಯೇ ಇತ್ತು. ಚೆಲ್ಲು ಎಂದು ಒಳಗಿನಿಂದ ಏನೋ ನೂಕುತ್ತಿತ್ತು. ಅಪ್ಪನ ಒಡೆದ ತುಟಿ ನೂಕುತ್ತಿತ್ತು. ಚೆಲ್ಲಿದರೆ ಇಡೀ ಓಣಿಗೆ ಗೊತ್ತಾಗುತ್ತದೆ, ಬಾಯಿಗೆ ನೀರಿಡಲು ಹೆದರುವುದು ಅಂದರೆ ಏನೆಂದು. ಸಾವಿತ್ರವ್ವನ ಹಿಂದೆ ಯಾರದೋ ಮಗು ಬೆರಳು ಚೀಪುತ್ತ ನಿಂತಿತ್ತು.

ದುರ್ಗಿ ಬಾಟಲಿಯನ್ನು ನೆಟ್ಟಗೆ ಮಾಡಿದಳು. ಮುಚ್ಚಳ ತಿರುವಿದಳು.

"ಹಾಕೂದಿಲ್ರಿ. ಕೂಡಿಸೂದಿಲ್ಲ ಅಂತ ನಿನ್ನೇನ ಹೇಳೇನಿ." ಬಾಟಲಿಯನ್ನು ಸೀತಾಳ ಕೈಗೆ ಕೊಟ್ಟಳು. "ಇದು ಬ್ಯಾರೆ ಊರಿನ ಪರೀಕ್ಷಾ ಕೇಂದ್ರಕ್ಕ ಹೋಗ್ತೈತಿ. ಇದೊಂದ ಹೋಗ್ತೈತಿ. ಬ್ಯಾಡ ಬ್ಯಾಡ ಅಂದಾಗನ ಇದರಾಗ ವಿಷ ಐತಿ ಅಂತ ನೀವ ಒಪ್ಪಿಕೊಂಡೀರಿ. ಓಣಿ ತುಂಬ ಸಾಕ್ಷಿ ಅದಾರ."

ಆಮೇಲೆ ಪ್ರತಿಭಾಳ ಕೊಡ ಇಸಕೊಂಡಳು. ಹಗ್ಗ ಎಳೆದು ಕೊಡದ ಕಂಠಕ್ಕೆ ಕುಣಿಕೆ ಹಾಕಿದಳು. ಗಡಗಡಿ ಕಿರ್ರೆಂದಿತು. ಕೊಡ ಬಾವಿಗೆ ಇಳಿಯಿತು, ಮುಳುಗಿತು. ರಾಡಿ ಕುಟ್ಟಿದ ತೋಳು ತುಂಬಿದ ಕೊಡವನ್ನು ಮೇಲಕ್ಕೆ ಎಳೆಯಿತು. ಬಿರಿದ ಬೆರಳ ಸಂದಿಗೆ ನೀರು ತಾಗಿ ಉರಿಯಿತು. ಅವಳು ಕೊಡವನ್ನು ಮಗಳ ಸೊಂಟಕ್ಕೆ ಕೊಟ್ಟಳು. ಪ್ರತಿಭಾ ಅಲ್ಲೇ ಕೊಡವನ್ನು ಕಟ್ಟೆಯ ಮೇಲಿಟ್ಟು ಬಗ್ಗಿಸಿ, ಅಂಗೈಯಲ್ಲಿ ಹಿಡಿದು ಕುಡಿದಳು.

"ಬಾವಿ ಕೆಡಿಸಿದ್ರಲ್ಲೋ," ಗುಂಪಿನಲ್ಲಿ ಮುದುಕನೊಬ್ಬ ಗೊಣಗಿದ.

ದುರ್ಗಿ ಅವನ ಕಡೆ ನೋಡಲಿಲ್ಲ. ಶಿವಪುತ್ರಪ್ಪ ಗೌಡರ ಕಡೆ ನೋಡಿದಳು.

"ಬರಿದು ಮಾಡ್ರಿ ಗೌಡ್ರ. ಎಳದು ಚೆಲ್ರಿ. ಚೆಲ್ಲಿದ ನೀರು ಎಲ್ಲಿಗೆ ಹರದು ಬರ್ತೈತಿ ಅಂತ ನಮಗ ಗೊತ್ತೈತಿ. ನಾಳೆ ಮತ್ತ ಬರ್ತೇವಿ."

ಹೇಳಿ, ಪಕ್ಕದವಳ ಕೊಡಕ್ಕೆ ಕುಣಿಕೆ ಹಾಕಿ ಬಾವಿಗೆ ಬಿಟ್ಟಳು.